ಸುಣ್ಣದ ಹಿಂದಿನ ಮುಖ

“ಗುರುಗಳೇ, ಅಮ್ಮ ಹೋಗಿ ಮೂರು ವರ್ಷವಾಯಿತು. ಈಗ ಎಷ್ಟು ನೆನೆದರೂ ಅವಳ ಮುಖ ಕಣ್ಣಿಗೆ ಬರುವುದಿಲ್ಲ. ನನ್ನ ಪ್ರೀತಿಯೇ ಸುಳ್ಳಾಗಿತ್ತೇ?” ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಹೇಳಿದರು:

ದೂರದೇಶದ ಕತೆಯೆಂದು ಮೂಗು ಮುರಿಯಬೇಡ, ಕೇಳು. ಹಿಂದೆ ಜಾರ್ಜಿಯಾ ಎಂಬ ಬೆಟ್ಟದ ನಾಡಿನಲ್ಲಿ ಕ್ರೈಸ್ತ ಸನ್ಯಾಸಿಗಳ ಮಠವೊಂದಿತ್ತು. ಅವರು ಅಲ್ಲಿ ಕಲ್ಲಿನ ದೊಡ್ಡ ಇಗರ್ಜಿ ಕಟ್ಟಿದರು. ಗೋಡೆಗಳಿಗೆ ಚಿತ್ರ ಬರೆಯಲು ಒಬ್ಬ ಚಿತ್ರಗಾರ ಬಂದ. ಅವನ ಪುಟ್ಟ ಮಗಳು ತಮ್ತಾ ಜ್ವರದಲ್ಲಿ ತೀರಿಹೋಗಿದ್ದಳು. ದೇವದೂತರ ಸಾಲಿನಲ್ಲಿ ಒಬ್ಬರಿಗೆ ಅವನು ಅವಳ ಮುಖವನ್ನೇ ಕೊಟ್ಟ. ದಿನಾ ಬೆಳಿಗ್ಗೆ ಅವಳನ್ನು ಮಾತಾಡಿಸಿಯೇ ಕುಂಚ ಹಿಡಿಯುತ್ತಿದ್ದ.

ಒಂದು ಚಳಿಗಾಲ ಶತ್ರುಗಳ ದಂಡು ಬರುತ್ತಿದೆಯೆಂದು ಸುದ್ದಿಯಾಯಿತು. ಆ ದಂಡಿನವರು ಚಿತ್ರ ಕಂಡಲ್ಲೆಲ್ಲ ಅದರ ಕಣ್ಣು ಕೆತ್ತಿ ಹಾಕುತ್ತಿದ್ದರು. ಹಿರಿಯ ಸನ್ಯಾಸಿ ಗೋಡೆಗೆಲ್ಲ ಸುಣ್ಣ ಬಳಿಯಲು ಹೇಳಿದ. ಚಿತ್ರಗಾರ ತಾನೇ ಬಳಿದ. ಕೊನೆಗೆ ಮಗಳ ಮುಖ ಮಾತ್ರ ಉಳಿಯಿತು. ಅವನ ಕೈ ಏಳಲಿಲ್ಲ.

“ಅದೊಂದು ಇರಲಿ ಬಿಡಪ್ಪ,” ಎಂದ ಹಿರಿಯ ಸನ್ಯಾಸಿ.

“ಬೇಡ. ಕಂಡರೆ ಮೊದಲು ಇವಳ ಕಣ್ಣೇ ಹೋಗುತ್ತದೆ,” ಎಂದು ಚಿತ್ರಗಾರ ಅಳುತ್ತಲೇ ಬಳಿದ. ನೆರಳೂ ಕಾಣದಿರಲೆಂದು ಅವಳ ಮೇಲೆ ಮಾತ್ರ ಬೇರೆಲ್ಲ ಕಡೆಗಿಂತ ದಪ್ಪಗೆ ಬಳಿದ.

ದಂಡು ಬಂತು. ಬರಿಯ ಬಿಳಿ ಗೋಡೆ ನೋಡಿತು, ಒಳಗೆ ಕುದುರೆ ಕಟ್ಟಿತು, ಹಿಮ ಕರಗಿದ ಮೇಲೆ ಹೊರಟುಹೋಯಿತು. ದಂಡಿಗೆ ಹೆದರಿ ಕಾಡಿನಲ್ಲಿ ಅಡಗಿದ್ದ ಮಠದವರೆಲ್ಲ ಮರಳಿದರು. ಚಿತ್ರಗಾರ ಓಡಿಬಂದು ಉಳಿಯಿಂದ ಮಗಳ ಚಿತ್ರದ ಅಂಚನ್ನು ಕೆರೆದ. ಸುಣ್ಣದ ಜೊತೆ ರೆಕ್ಕೆಯ ಬಣ್ಣವೂ ಕಿತ್ತುಬಂತು. ಅವನು ಉಳಿಯನ್ನು ಕೆಳಗಿಟ್ಟ.

ಅಂದಿನಿಂದ ಪ್ರತಿ ಸಂಜೆ ಆ ಬಿಳಿ ಜಾಗದ ಮುಂದೆ ಒಂದು ದೀಪ ಹಚ್ಚಿ, ಮೊದಲಿನಂತೆಯೇ ಮಗಳನ್ನು ಮಾತಾಡಿಸುತ್ತಿದ್ದ. ಪಾಪ, ಸಾಯುವವರೆಗೂ ಅವನಿಗೆ ಆ ಮುಖ ಮತ್ತೆ ಕಾಣಲಿಲ್ಲ. ಅವನ ನಂತರ ಸನ್ಯಾಸಿಗಳು ದೀಪ ಹಚ್ಚಿದರು. ಅವರ ನಂತರ ಬಂದವರಿಗೆ ಯಾಕೆಂದು ಗೊತ್ತಿರಲಿಲ್ಲ, ಆದರೂ ಹಚ್ಚಿದರು. ಹಲವು ತಲೆಮಾರು ಕಳೆದ ಮೇಲೆ ಒಂದು ದಿನ ಸುಣ್ಣ ತಾನಾಗಿ ಹಕ್ಕಳೆಯೆದ್ದು ಉದುರಿತು. ಅಂಚಿನ ರೆಕ್ಕೆ ಹಾಳಾಗಿತ್ತು. ಮಗುವಿನ ಕಣ್ಣುಗಳು ಮಾತ್ರ ಹಾಗೇ ಇದ್ದವು, ನಗುತ್ತಿದ್ದವು.

ಗುರುಗಳು ಕತೆ ನಿಲ್ಲಿಸಿ ಮರುಳಯ್ಯನ ತಲೆ ಸವರಿದರು.

“ಕೆರೆಯಬೇಡ ಮಗು, ದೀಪ ಹಚ್ಚು.”