ಇದ್ದಿಲು ಅಕ್ಕೋರ ವಹಿಯ ಖಾಲಿ ಸಾಲು

"ಇದು ಹೊಳೆಗೆ ಹೋಗುವ ದಾರಿ ಹೌದೇನ್ರಿ?"

"ಇಲ್ಲಿ ಎಲ್ಲಾ ದಾರೀನೂ ಹೊಳೀಗೇ ಹೋಗ್ತಾವ್ರಿ. ನಿಮಗ ಯಾರ ಮನಿ ಬೇಕು?" ಬಾಳೆಗೊನೆ ಹೊತ್ತಿದ್ದ ಹೆಂಗಸು ನಿಂತು ಕೇಳಿದಳು.

ಮಂದಾಕಿನಿ ಹನ್ನೆರಡು ದೇಶ ಸುತ್ತಿದವಳು. ಭಾಷೆ ಬಾರದ ಊರುಗಳಲ್ಲಿ ಕೈಸನ್ನೆಯಲ್ಲೇ ಊಟ, ಹಾಸಿಗೆ ಗಿಟ್ಟಿಸಿಕೊಂಡವಳು. ಈಗ ತುಂಗಭದ್ರೆಯ ದಂಡೆಯ ಬಾಳೆತೋಟದಲ್ಲಿ ಒಂದೇ ಬೇಲಿಯನ್ನು ಮೂರನೇ ಸಲ ಹಾದು ನಿಂತಿದ್ದಳು.

"ಚನ್ನಬಸಮ್ಮ ಅಂತ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು."

"ಹಂಗಂದ್ರ ಯಾರಿಗೆ ತಿಳೀಬೇಕು? ಇದ್ದಿಲು ಅಕ್ಕೋರು ಅನ್ರಿ. ಬಾಳಿದಿಂಡು ಸುಟ್ಟು ಇದ್ದಿಲು ಮಾಡ್ತಾರಲ್ಲ, ಅವರ?"

"ಅವರೇ."

"ಅಕೋ, ಹೊಗಿ ಕಾಣ್ತದಲ್ಲ, ಅದನ್ನ ನೋಡ್ಕೋತ ಹೋಗ್ರಿ. ನೀವೂ ಇದ್ದಿಲು ಒಯ್ಯಾಕ ಬಂದೀರೇನು?"

"ಹೌದು."

"ಒಯ್ಯೋರು ಭಾಳ ಮಂದಿ," ಎಂದು ಹೆಂಗಸು ಮುಂದೆ ನಡೆದಳು.

ಚನ್ನಬಸಮ್ಮ ಕುಲುಮೆಯ ಮುಂದೆ ಕೂತಿದ್ದರು. ತಲೆ ಎತ್ತಿದರು.

"ಯಾರು, ಮಂದಾಕಿನಿಯೇನು? ನಿನ್ನ ಕೂದಲಾನೂ ಬೂದಿಬಣ್ಣಕ್ಕ ತಿರುಗ್ಯಾವಲ್ಲ!"

"ನಿಮ್ಮ ಶಿಷ್ಯೆ ಅಲ್ಲವೇ ಅಕ್ಕೋರೆ."

ಮುದುಕಿ ನಕ್ಕರು. ನೀರು ಕೊಟ್ಟರು.

ಹನ್ನೊಂದು ವರ್ಷದ ಹಿಂದೆ ಮಂದಾಕಿನಿ ಇಲ್ಲಿಂದ ಒಂದು ಬಾಟಲಿ ಇದ್ದಿಲು ಒಯ್ದಿದ್ದಳು, ಪೊಟ್ಯಾಸಿಯಂ ಬ್ಯಾಟರಿಗೆಂದು. ಬ್ಯಾಟರಿ ಚಾರ್ಜ್ ಆಗುವಾಗ ಪೊಟ್ಯಾಸಿಯಂ ಬಂದು ಇದ್ದಿಲಿನೊಳಗೆ ಕೂರಬೇಕು, ಬಳಸುವಾಗ ಎದ್ದು ಹೋಗಬೇಕು. ಅದು ಲಿಥಿಯಂನಂತೆ ಸಣ್ಣ ಆಳಲ್ಲ. ಕೂತಲ್ಲಿ ಗೋಡೆ ಬಿರಿಯುತ್ತದೆ, ಒಂದಷ್ಟು ಒಳಗೇ ಸಿಕ್ಕಿಬೀಳುತ್ತದೆ. ಅದಕ್ಕೆ ಜಾಗ ಕೊಡುವ ಇದ್ದಿಲನ್ನು ಹುಡುಕುವುದೇ ಅಕ್ಕೋರ ಕೆಲಸವಾಗಿತ್ತು.

ಅವರು ಯಾರಿಂದಲೂ ಬೆಲೆ ತೆಗೆದುಕೊಳ್ಳುತ್ತಿರಲಿಲ್ಲ. ಒಂದೇ ಕರಾರು: ಬ್ಯಾಟರಿ ಎಷ್ಟನೇ ಚಾರ್ಜಿಗೆ ಸತ್ತಿತು ಎಂದು ಬರೆದು ಕಳಿಸಬೇಕು. ಅದನ್ನು ಲೆಕ್ಕದ ವಹಿಯಲ್ಲಿ ಏರಿಸಿ, ವರ್ಷಕ್ಕೊಮ್ಮೆ ಇದ್ದಿಲು ಒಯ್ದವರಿಗೆಲ್ಲ ನಕಲು ಕಳಿಸುತ್ತಿದ್ದರು.

ಬ್ಯಾಟರಿ ಸತ್ತದ್ದನ್ನು ಮಂದಾಕಿನಿ ಬರೆಯಲಿಲ್ಲ. 'ಸಾವಿರ ಸಲ ಚಾರ್ಜ್ ಆಯಿತು, ಇನ್ನೂ ಬದುಕಿದೆ' ಎಂದು ಬರೆದಳು. ಆ ಸಾವಿರವೇ ಅವಳನ್ನು ಊರೂರು ಸುತ್ತಿಸಿತು. ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿತು.

"ಏನು ಬೇಕಾಗಿತ್ತು?" ಎಂದರು ಅಕ್ಕೋರು.

"ಇನ್ನೊಂದು ಇದ್ದಿಲು. ಇದಕ್ಕಿಂತ ಗಟ್ಟಿಯದು. ಸೋಮವಾರ ಕಾರ್ಖಾನೆ ಕಟ್ಟುವವರು ಬರುತ್ತಾರೆ. ಅವರ ಕಣ್ಣೆದುರು ಪೂರ್ತಿ ಬ್ಯಾಟರಿ ಓಡಬೇಕು. ಓಡದಿದ್ದರೆ ನಾನು ಮುಗಿದೆ."

"ಸಾವಿರ ಸಲ ಓಡಿದ್ದು ಈಗ ಯಾಕ ಓಡಂಗಿಲ್ಲ?"

ಮಂದಾಕಿನಿ ಲೋಟದಲ್ಲಿ ಉಳಿದಿದ್ದ ನೀರು ಕುಡಿದು ಮುಗಿಸಿದಳು.

ಅಕ್ಕೋರು ಎದ್ದರು. ಒಂದು ಟವೆಲ್ಲು, ಎರಡು ತಂಬಿಗೆ ಹಿಡಿದು ಹೊಳೆಯ ಮೆಟ್ಟಿಲಿಗೆ ಕರೆದುಕೊಂಡು ಹೋದರು.

"ಟವೆಲ್ಲು ಹೊಳ್ಯಾಗ ಅದ್ದು. ಹೊಳೀಗೇ ಹಿಂಡು. ಎಷ್ಟು ಸಲ ಮಾಡಬಹುದು?"

"ಟವೆಲ್ಲು ಹರಿಯುವ ತನಕ."

"ಈಗ ಒಂದು ತಂಬಿಗಿ ನೀರು ತಗೋ. ಅದರಾಗ ಅದ್ದು, ಖಾಲಿ ತಂಬಿಗ್ಯಾಗ ಹಿಂಡು. ಆಮ್ಯಾಲ ಅದರಾಗ ಅದ್ದು, ಇದರಾಗ ಹಿಂಡು. ನಾ ಎಣಸ್ತೀನಿ."

ಮಂದಾಕಿನಿ ಅದ್ದಿದಳು, ಹಿಂಡಿದಳು. ಒಂದಷ್ಟು ನೀರು ಬಟ್ಟೆಯಲ್ಲೇ ಉಳಿಯಿತು. ಒಂದಷ್ಟು ಮೊಣಕೈಗೆ ಇಳಿಯಿತು, ಕಲ್ಲಿಗೆ ತೊಟ್ಟಿಕ್ಕಿತು. ಬಿಸಿಲು ಬೆನ್ನು ಸುಡುತ್ತಿತ್ತು. ಹದಿನಾಲ್ಕನೇ ಸಲಕ್ಕೆ ತಂಬಿಗೆಯ ತಳವೂ ಒದ್ದೆಯಾಗಲಿಲ್ಲ.

"ಟವೆಲ್ಲು ಹರೀತೇನು?"

"ಇಲ್ಲ."

"ಮತ್ತ?"

"ನೀರು ಮುಗಿಯಿತು."

"ನಿನ್ನ ಸಾವಿರದಾಗ ಇದ್ದಿಲಿನ ಎದುರಿಗೆ ಏನಿಟ್ಟಿದ್ದಿ?"

"ಪೊಟ್ಯಾಸಿಯಂ ಲೋಹ. ದಪ್ಪನೆಯ ಬಿಲ್ಲೆ."

"ಅಂದ್ರ, ಹೊಳಿ. ಇದ್ದಿಲು ನುಂಗಿದಷ್ಟೂ ಅದು ತುಂಬಿಕೊಡ್ತಿತ್ತು."

"ಎಲ್ಲರೂ ಹಾಗೇ ಮಾಡುತ್ತಾರೆ ಅಕ್ಕೋರೆ. ಮೊದಲನೇ ಪರೀಕ್ಷೆ ಹಾಗೇ ಇರುತ್ತದೆ."

"ಇರ್ತದ. ಎರಡನೇದು?"

ಹೊಳೆಯಲ್ಲಿ ಒಂದು ಹರಿಗೋಲು ತಿರುಗುತ್ತ ಹೋಯಿತು. ಅದು ಕಣ್ಮರೆಯಾಗುವ ತನಕ ಮಂದಾಕಿನಿ ನೋಡಿದಳು.

"ಮಾಡಿದ್ದೆ. ಅದೇ ವರ್ಷ. ಪೂರ್ತಿ ಬ್ಯಾಟರಿ ಕಟ್ಟಿ, ತಂಬಿಗೆ ನೀರಿನಂತೆ ಪೊಟ್ಯಾಸಿಯಂ ಅಳೆದು ಹಾಕಿ. ನಲವತ್ಮೂರಕ್ಕೆ ಸತ್ತಿತು."

ಅಕ್ಕೋರು ಒದ್ದೆ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. ಬೈದಿದ್ದರೆ ಮಂದಾಕಿನಿಗೆ ಹಗುರಾಗುತ್ತಿತ್ತು.

ಮನೆಯೊಳಗೆ ಹೋಗಿ ವಹಿ ತೆಗೆದರು. ಮಂದಾಕಿನಿಯ ಹೆಸರಿನ ಮುಂದೆ, ಬ್ಯಾಟರಿ ಸತ್ತ ಅಂಕಿ ಬರೆಯುವ ಜಾಗ ಖಾಲಿ ಇತ್ತು. ಅದರ ಕೆಳಗೆ, ಆಮೇಲೆ ಅದೇ ಇದ್ದಿಲು ಒಯ್ದ ಒಂಬತ್ತು ಹೆಸರು. ಮೂವತ್ತೊಂಬತ್ತು. ನಲವತ್ತಾರು. ನಲವತ್ತೊಂದು. ಹಾಗೇ ಕೆಳಗಿನ ತನಕ. ಪ್ರತಿ ಅಂಕಿಯ ಪಕ್ಕ ಅಕ್ಕೋರ ಅಕ್ಷರದಲ್ಲಿ ಒಂದೇ ಮಾತು: ಕೈ ಚೊಕ್ಕ ಇಲ್ಲ. ವರ್ಷವರ್ಷ ಬಂದ ನಕಲನ್ನು ಮಂದಾಕಿನಿ ಬಿಚ್ಚಿಯೇ ನೋಡಿರಲಿಲ್ಲ.

"ಇದೇನು?"

"ನೀ ಸಾವಿರ ಅಂದಿ. ಇವರು ನಲವತ್ತು ಅಂದರು. ನಾ ನಿನ್ನ ನಂಬಿದೆ. ನಿಮ್ಮ ಕೈಯಾಗ ದೋಷ ಐತಿ ಅಂತ ಇವರಿಗೆ ಕಾಗದ ಬರೆದೆ. ಈ ಹುಡುಗಿ ನೋಡು, ನಲವತ್ತಾರು ಬರೆದಾಕಿ. ನನ್ನ ಕಾಗದ ಓದಿ ಈ ಕೆಲಸಾನ ಬಿಟ್ಟಳು."

"ನನ್ನನ್ನು ಒಂದು ಮಾತು ಕೇಳಬಹುದಿತ್ತು."

"ಶಿಷ್ಯಳನ್ನ ಹಂಗ ಕೇಳಬಾರದು ಅಂದ್ಕೊಂಡಿದ್ದೆ."

ಕುಲುಮೆಯಲ್ಲಿ ಏನೋ ಚಟಪಟ ಎಂದಿತು. ಇಬ್ಬರೂ ಅತ್ತ ತಿರುಗಲಿಲ್ಲ.

"ಬೇರೆ ಇದ್ದಿಲು ಇಲ್ಲವೇ ಅಕ್ಕೋರೆ?"

"ಎಲ್ಲಿಂದ ಬರಬೇಕು? ಸಾವಿರ ಬಾಳೋದು ಸಿಕ್ಕಮ್ಯಾಲ ಇನ್ನೊಂದು ಯಾರು ಹುಡುಕ್ತಾರ? ಹನ್ನೊಂದು ವರ್ಷ ಇದನ್ನ ಸುಟಗೋತ ಕೂತೆ."

ಮಂದಾಕಿನಿ ವಹಿಯನ್ನು ತನ್ನ ಕಡೆ ಎಳೆದುಕೊಂಡಳು. ಇಲ್ಲಿ ಬರೆದದ್ದು ನಕಲಾಗಿ ಎಲ್ಲರ ಕೈಗೂ ಹೋಗುತ್ತದೆ. ಸೋಮವಾರದ ಮಂದಿಗೆ ತಾನೇ ತೋರಿಸಬೇಕಾಗುತ್ತದೆ. ಆಮೇಲೆ ಯಾವ ಸಭೆಯಲ್ಲೂ ಯಾವ ಸಾಲಿನಲ್ಲೂ ಕುರ್ಚಿ ಇರುವುದಿಲ್ಲ. ಸುತ್ತಾಡುವುದಾದರೆ ಇನ್ನು ಮುಂದೆ ತನ್ನ ಖುಷಿಗೆ ಸುತ್ತಾಡಬೇಕು.

ಪೆನ್ನು ತೆಗೆದಳು. ಖಾಲಿ ಜಾಗದಲ್ಲಿ ಬರೆದಳು: ನಲವತ್ಮೂರು. ಕೆಳಗೆ, ಅದು ಸತ್ತ ವರ್ಷ. ಅದರ ಕೆಳಗೆ ತನ್ನ ಸಹಿ.

ಅಕ್ಷರ ಸ್ಪಷ್ಟವಾಗಿತ್ತು.

"ಹನ್ನೊಂದು ವರ್ಷ ತಡವಾಯಿತು," ಎಂದಳು. "ಆದರೂ ಕೊಡಬೇಕಾದದ್ದು ಕೊಟ್ಟೆ. ತೀರಿತೇ ಅಕ್ಕೋರೆ?"

ಚನ್ನಬಸಮ್ಮ ಮಸಿ ಆರುವ ತನಕ ಆ ಅಂಕಿಯನ್ನೇ ನೋಡಿದರು. ಆಮೇಲೆ ಕೈ ಚಾಚಿದರು.

"ನಿಂದು ತೀರಿತು. ಪೆನ್ನು ಇತ್ತ ಕೊಡು, ನಾ ಒಂಬತ್ತು ಮಂದೀಗೆ ಕಾಗದ ಬರೀಬೇಕು."