ಹಲ್ಲಿ ನುಡಿದ ಸತ್ಯ

ಒಂದು ರಾಕ್ ಬ್ಯಾಂಡಿನ ಹುಡುಗರು ಅಭ್ಯಾಸ ಮಾಡುತ್ತಿದ್ದ ಶೆಡ್ಡಿನ ಗೋಡೆಯ ಮೇಲೆ ಎರಡು ಹಲ್ಲಿಗಳಿದ್ದವು. ಒಂದು ದಪ್ಪನೆಯದು, ಇನ್ನೊಂದು ಮೊಂಡುಬಾಲದ್ದು. ಬ್ಯಾಂಡಿನ ಎರಡು ಆಲ್ಬಂಗಳೂ ಅವುಗಳ ಕಣ್ಣೆದುರೇ ಹುಟ್ಟಿದ್ದವು.

“ಮೊದಲ ಆಲ್ಬಮ್ಮೇ ಶ್ರೇಷ್ಠ. ಅದರಲ್ಲಿ ಕೆಚ್ಚಿತ್ತು,” ಎಂದು ದಪ್ಪ ಹಲ್ಲಿ ಲೊಚಗುಟ್ಟಿತು. “ಕೇಳಿದೆಯಾ? ಹಲ್ಲಿ ನುಡಿಯಿತು. ಇನ್ನು ಅದು ಸತ್ಯ.”

“ಎರಡನೆಯದೇ ಶ್ರೇಷ್ಠ. ಮೊದಲನೆಯದು ಬರೀ ಗದ್ದಲ,” ಎಂದು ಮೊಂಡುಬಾಲದ್ದೂ ಲೊಚಗುಟ್ಟಿತು. “ನಾನೂ ಹಲ್ಲಿಯೇ. ಇದೂ ಸತ್ಯ.”

ವಾದ ತಿಂಗಳುಗಟ್ಟಲೆ ನಡೆಯಿತು. ಕೆಳಗೆ ಹುಡುಗರು ಹೊಸ ಹಾಡು ಕಟ್ಟುತ್ತಿದ್ದುದನ್ನು ಎರಡೂ ಕೇಳಿಸಿಕೊಳ್ಳಲಿಲ್ಲ.

ಒಂದು ಸಂಜೆ ಹಾಡುಗಾರ ಸುಮುಖ ಗಿಟಾರ್ ಕೆಳಗಿಟ್ಟ. “ನಮ್ಮ ಹಾಡು ಯಾರಿಗೂ ಬೇಡ ಕಣ್ರೋ. ಇಲ್ಲಿಗೆ ನಿಲ್ಲಿಸಿಬಿಡೋಣ,” ಎಂದ.

ಅದೇ ಗಳಿಗೆಯಲ್ಲಿ ಮೇಲೆ ದಪ್ಪ ಹಲ್ಲಿ “ಮೊದಲನೆಯದೇ!” ಎಂದು ಲೊಚಗುಟ್ಟಿತು. ಮೊಂಡುಬಾಲದ್ದು “ಎರಡನೆಯದೇ!” ಎಂದು ಇನ್ನೂ ಜೋರಾಗಿ ಲೊಚಗುಟ್ಟಿತು.

ಡ್ರಮ್ ಬಾರಿಸುವವನು ತಲೆಯೆತ್ತಿ ನೋಡಿದ. “ಹಲ್ಲಿಗಳೂ ಹೌದು ಅಂತಿವೆ, ಬಿಡು,” ಎಂದು ರೂಢಿಯಂತೆ ಬೆರಳಿನಿಂದ ಮೂರು ಸಲ ಡ್ರಮ್ಮಿನ ಮೇಲೆ ಕುಟ್ಟಿದ. ಆ ಡ್ರಮ್ಮು ಕೊನೆಯದಾಗಿ ನುಡಿದದ್ದು ಅಷ್ಟೇ.

ಆಮೇಲೆ ಬಹಳ ದಿನ ಶೆಡ್ಡಿನಲ್ಲಿ ದೀಪ ಹತ್ತಲಿಲ್ಲ.

“ಮೂರನೆಯ ಆಲ್ಬಂ ಬರುತ್ತದೆ, ಅಲ್ಲವೇ?” ಎಂದು ಮೊಂಡುಬಾಲದ್ದು ಕೇಳಿತು.

“ಬಂದೇ ಬರುತ್ತದೆ,” ಎಂದಿತು ದಪ್ಪ ಹಲ್ಲಿ.

ಎರಡೂ ಕಾದವು. ಯಾವುದೂ ಲೊಚಗುಟ್ಟಲಿಲ್ಲ.