ಮುರಿದ ಬೋಲ್ಟು

ಅಡವೀಶನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ಮನುಷ್ಯನನ್ನು ಹೆಚ್ಚು ಹಾಳು ಮಾಡುವುದು ಸಿಟ್ಟೋ, ಅವಸರವೋ?"

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಾಳಿನ ವ್ಯಾಪಾರಿ ಇದ್ದ. ಅವನ ತಮ್ಮನೂ ತಮ್ಮನ ಹೆಂಡತಿ ಗಂಗವ್ವನೂ ಅದೇ ಮನೆಯಲ್ಲಿದ್ದರು. ಎಲ್ಲರಿಗೂ ಸೇರಿ ಒಂದು ಹಳೆಯ ಕಾರಿತ್ತು. ಅದರ ರಿಪೇರಿಯನ್ನು ವ್ಯಾಪಾರಿ ಮನೆಯ ಅಂಗಳದಲ್ಲಿ ತಾನೇ ಮಾಡುತ್ತಿದ್ದ. ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ಕಲಿತದ್ದು. ತನ್ನ ಕೈಕೆಲಸದ ಮೇಲೆ ಅವನಿಗೆ ಹೆಮ್ಮೆಯಿತ್ತು.

ಒಮ್ಮೆ ಮುಂದಿನ ಚಕ್ರದ ಬ್ರೇಕು ಸದ್ದು ಮಾಡತೊಡಗಿತು. ಅಣ್ಣತಮ್ಮ ಸೇರಿ ಚಕ್ರ ಬಿಚ್ಚಿದರು. ಬ್ರೇಕನ್ನು ಅದರ ಜಾಗದಲ್ಲಿ ಹಿಡಿದಿಡುವುದು ಎರಡು ಬೋಲ್ಟು. ಕೆಳಗಿನದು ಸುಲಭವಾಗಿ ಬಂತು. ಮೇಲಿನದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟರು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಅದು ಅಲುಗಲಿಲ್ಲ.

ತಮ್ಮ ಹೇಳಿದ: "ಅಣ್ಣಾ, ಎಣ್ಣೆ ಒಳಗೆ ಇಳಿಯಲಿ. ವೆಲ್ಡಿಂಗ್ ಅಂಗಡಿಯಿಂದ ಗ್ಯಾಸ್ ಟಾರ್ಚ್ ತರುತ್ತೇನೆ. ಕಾಯಿಸಿದರೆ ಬಿಡುತ್ತದೆ. ನಾನು ಬರುವವರೆಗೆ ಮುಟ್ಟಬೇಡ."

ತಮ್ಮನಿಂದ ಹೇಳಿಸಿಕೊಂಡದ್ದು ವ್ಯಾಪಾರಿಗೆ ಸೇರಲಿಲ್ಲ. ತಮ್ಮ ಅತ್ತ ಹೋದದ್ದೇ ತಡ, ವ್ಯಾಪಾರಿ ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ತೊಡಿಸಿ, ಮೈಭಾರವೆಲ್ಲ ಹಾಕಿ ಜಗ್ಗಿದ. ಬೋಲ್ಟಿನ ತಲೆ ಮುರಿದು ಕೆಳಗೆ ಬಿತ್ತು. ಉಳಿದದ್ದು ಒಳಗೇ ಉಳಿಯಿತು.

ವ್ಯಾಪಾರಿ ತಮ್ಮ ಹೋದ ದಾರಿಯತ್ತ ನೋಡಿದ. ಬೇಗ ಬೇಗ ಹೊಸ ಬ್ರೇಕ್ ಪ್ಯಾಡು ಕೂರಿಸಿದ, ಕೆಳಗಿನ ಬೋಲ್ಟನ್ನು ಬಿಗಿದ, ಮುರಿದ ತಲೆಯನ್ನು ಗ್ರೀಸು ಮೆತ್ತಿ ಅದರ ಜಾಗದಲ್ಲೇ ಅಂಟಿಸಿದ. ಚಕ್ರ ಹಾಕುವ ಹೊತ್ತಿಗೆ ತಮ್ಮ ಬಂದ.

"ಬಿಟ್ಟಿತಾ?"

"ಬಿಟ್ಟಿತು. ನಿನ್ನ ಬೆಂಕಿ ಬೇಕಾಗಲಿಲ್ಲ."

ತಮ್ಮ ನಕ್ಕ. "ಕೈ ಅಂದರೆ ನಿನ್ನದು, ಅಣ್ಣಾ" ಎಂದ. ಅಷ್ಟು ಹೊಗಳಿಸಿಕೊಂಡ ಮೇಲೆ ನಿಜ ಹೇಳಲು ವ್ಯಾಪಾರಿಗೆ ಬಾಯಿ ಬರಲಿಲ್ಲ. ಯಾರಿಗೂ ತಿಳಿಯದಂತೆ ನಾಳೆ ಗ್ಯಾರೇಜಿಗೆ ಒಯ್ದು ಸರಿಮಾಡಿಸಿದರಾಯಿತು ಎಂದುಕೊಂಡ.

ಬೆಳಿಗ್ಗೆ ಅವನು ಎದ್ದು ಹೊರಗೆ ಬಂದಾಗ ಕಾರು ಶುರುವಾಗಿತ್ತು. ತಮ್ಮ ಗಂಗವ್ವನನ್ನು ಅವಳ ತವರಿಗೆ ಕರೆದುಕೊಂಡು ಹೊರಟಿದ್ದ. ವ್ಯಾಪಾರಿ ಓಡಿಹೋಗಿ ಕಾರಿನ ಕಿಟಕಿ ಹಿಡಿದ. ತಮ್ಮ ಏನೆಂದು ಕೇಳಿದ.

"ನಿಧಾನವಾಗಿ ಹೋಗು" ಎಂದು ವ್ಯಾಪಾರಿ ಕಿಟಕಿಯಿಂದ ಕೈ ತೆಗೆದ.

ಗುಡ್ಡದ ಇಳಿಜಾರಿನಲ್ಲಿ ಬ್ರೇಕು ಕಳಚಿಕೊಂಡಿತು. ಕಾರು ಸೇತುವೆಯ ಗೋಡೆಗೆ ಬಡಿಯಿತು. ತಮ್ಮ ಅಲ್ಲೇ ಸತ್ತ. ಗಂಗವ್ವನ ಜೀವ ಉಳಿಯಿತು, ಒಂದು ಕಾಲು ಹೋಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳು ಕೇಳಿದಳು: "ಬಾವ, ಬ್ರೇಕು ನೀವೇ ನೋಡಿದ್ದಿರಿ. ಎಲ್ಲ ಸರಿಯಿತ್ತಲ್ಲ?"

"ಸರಿಯಿತ್ತು ಗಂಗವ್ವ."

"ಹಾಗಾದರೆ ಇವರೇ ಜೋರಾಗಿ ಓಡಿಸಿರಬೇಕು" ಎಂದಳು.

ವ್ಯಾಪಾರಿ ಅಲ್ಲ ಎನ್ನಲಿಲ್ಲ. ಅಂದಿನಿಂದ ಬಂದು ಹೋದವರ ಮುಂದೆಲ್ಲ ಅವಳು ಗಂಡನನ್ನೇ ಬೈದು ಅಳುತ್ತಿದ್ದಳು. ವ್ಯಾಪಾರಿ ಅದೇ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತು ಕೇಳುತ್ತಿದ್ದ. ಕೇಳುತ್ತಲೇ ಮುದುಕನಾದ.

ಗುರುಗಳು ಕತೆ ನಿಲ್ಲಿಸಿದರು.

ಅಡವೀಶ ಹೇಳಿದ: "ತಿಳಿಯಿತು ಗುರುಗಳೇ. ತಮ್ಮ ಬರುವವರೆಗೆ ಕಾದಿದ್ದರೆ ಸಾಕಿತ್ತು. ಅವಸರವೇ ಅವನನ್ನು ಹಾಳು ಮಾಡಿತು."

ಗುರುಗಳು ಅವನ ಮುಖ ನೋಡಿದರು.

"ಬೋಲ್ಟು ಮುರಿದಾಗ ಇನ್ನೂ ಯಾರೂ ಸತ್ತಿರಲಿಲ್ಲವಲ್ಲ, ಅಡವೀಶ."